ಓದುಗರ ಪ್ರಶ್ನೆ: ಶಾಂತಿ ಸಮಿತಿ ಹಬ್ಬದ ಹಿಂದಿನ ದಿನ ಕಟ್ಟುವಂಥದ್ದಲ್ಲ

ಎರಡು ಹೋಳಾದ ಕೊರಿಯಾದಲ್ಲಿ ಚರ್ಚುಗಳು, ಬೌದ್ಧ ವಿಹಾರಗಳು ಮತ್ತು ನಾಗರಿಕ ಸಂಘಟನೆಗಳು ಕೂಡಿ ನಡೆಸಿದ ಶಾಂತಿ ಅಭಿಯಾನದ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬಂದಿತ್ತು. ಅದನ್ನು ಓದಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹಲವರು ಪತ್ರ ಬರೆದಿದ್ದಾರೆ. ಹೆಚ್ಚಿನವರು ಕೇಳಿರುವುದು ಕೊರಿಯಾದ ಸುದ್ದಿಗಿಂತ ತಮ್ಮ ಓಣಿಯ ಸುದ್ದಿಯನ್ನೇ. ಶಾಂತಿ ಸಮಿತಿಗಳ ಕೆಲಸ, ಕಾನೂನು ಮತ್ತು ಇತಿಹಾಸ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಕೊರಿಯಾದಾಗ ಯುದ್ಧ ನಿಂತು ಎಪ್ಪತ್ತು ವರ್ಷದ ಮ್ಯಾಲಾಯ್ತಲ್ರಿ. ಇನ್ನೂ ‘ಯುದ್ಧ ಮುಗಸ್ರಿ’ ಅಂತ ಸಹಿ ಯಾಕ ಕೂಡಸ್ತಾರ? (ಕಾಲೇಜು ವಿದ್ಯಾರ್ಥಿ, ಕಲಬುರಗಿ)

ಗುಂಡು ನಿಂತಿದೆ, ಕಾಗದದ ಮೇಲೆ ಯುದ್ಧ ಮುಗಿದಿಲ್ಲ. 1950ರ ಜೂನ್ 25ಕ್ಕೆ ಶುರುವಾದ ಯುದ್ಧ 1953ರ ಜುಲೈ 27ರಂದು ಕದನ ವಿರಾಮಕ್ಕೆ ಬಂತು. ಆ ಒಪ್ಪಂದಕ್ಕೆ ವಿಶ್ವಸಂಸ್ಥೆಯ ಸೇನಾ ಕಮಾಂಡ್, ಉತ್ತರ ಕೊರಿಯಾ ಮತ್ತು ಚೀನಾದ ಪಡೆಗಳ ಪರವಾಗಿ ಸಹಿ ಬಿತ್ತು. ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ. ಶಾಂತಿ ಒಪ್ಪಂದವಂತೂ ಇವತ್ತಿಗೂ ಆಗಿಲ್ಲ. ನಡುವೆ ಸುಮಾರು 250 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಸೇನಾಮುಕ್ತ ಪಟ್ಟಿ ಉಳಿದುಕೊಂಡಿತು. ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧ ಕೈದಿಗಳನ್ನು ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷನಾಗಿತ್ತು. ಆ ಹೊಣೆ ಹೊತ್ತವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ.

ಜನರ ನೋವು ದೊಡ್ಡದು. 1983ರಲ್ಲಿ ದಕ್ಷಿಣದ ಸರ್ಕಾರಿ ಟಿ.ವಿ. ವಾಹಿನಿ ಕೆ.ಬಿ.ಎಸ್. ಚದುರಿದ ಬಂಧುಗಳನ್ನು ಹುಡುಕಿಕೊಡುವ ನೇರ ಪ್ರಸಾರ ಶುರು ಮಾಡಿತು. ಅದು ಒಟ್ಟು 453 ಗಂಟೆ 45 ನಿಮಿಷ ನಡೆದು 10,189 ಕುಟುಂಬಗಳನ್ನು ಕೂಡಿಸಿತು. ಗಡಿಯಾಚೆ ಉಳಿದವರ ಭೇಟಿಗೆಂದು ದಕ್ಷಿಣದಲ್ಲಿ 1.33 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಅವರಲ್ಲಿ ಬಹುಪಾಲು ಜನ ಬಂಧುಗಳ ಮುಖ ನೋಡದೆಯೇ ತೀರಿಹೋದರು. 2018ರ ನಂತರ ಅಂಥ ಮುಖಾಮುಖಿ ಭೇಟಿ ನಡೆದಿಲ್ಲ.

ಸಹಿ ಅಭಿಯಾನ ಆರಂಭವಾದದ್ದು 2020ರ ಜುಲೈ 27ರಂದು, ಕದನ ವಿರಾಮದ ದಿನಕ್ಕೇ ಹೊಂದಿಸಿ. 2023ರ ಎಪ್ಪತ್ತನೇ ವರ್ಷದೊಳಗೆ 10 ಕೋಟಿ ಸಹಿ ಎಂಬುದು ಗುರಿ. ಬೇಡಿಕೆ ನಾಲ್ಕೇ: ಯುದ್ಧ ಮುಗಿಸಿ ಶಾಂತಿ ಒಪ್ಪಂದ ಮಾಡಿಕೊಳ್ಳಿ, ಪರ್ಯಾಯ ದ್ವೀಪವನ್ನು ಅಣ್ವಸ್ತ್ರಮುಕ್ತ ಮಾಡಿ, ದಿಗ್ಬಂಧನ, ಒತ್ತಡ ಬಿಟ್ಟು ಮಾತುಕತೆಯಿಂದ ಬಗೆಹರಿಸಿ, ಶಸ್ತ್ರಾಸ್ತ್ರದ ಪೈಪೋಟಿಗೆ ಸುರಿಯುವ ಹಣವನ್ನು ಜನರ ಬದುಕಿಗೆ, ಪರಿಸರಕ್ಕೆ ಹಾಕಿ. 10 ಕೋಟಿಯ ಗುರಿ ಮುಟ್ಟಲಿಲ್ಲ. ಆದರೆ ಒಂದು ಹಾಳೆಯಲ್ಲಿ ಹಿಡಿಯುವಷ್ಟು, ಯಾವ ಧರ್ಮದವರೂ ಓದಿ ಸಹಿ ಹಾಕಬಹುದಾದಷ್ಟು ಸರಳವಾಗಿ ಬೇಡಿಕೆ ಬರೆದದ್ದನ್ನು ಗಮನಿಸಿ. ನಮ್ಮ ಮನವಿಪತ್ರಗಳು ಇಪ್ಪತ್ತು ಬೇಡಿಕೆ ತುಂಬಿಕೊಂಡು ಸೋಲುತ್ತವೆ.

ಪ್ರಶ್ನೆ: ಧರ್ಮಗುರುಗಳು ಹೇಳಿದ ಮಾತ್ರಕ್ಕೆ ಸರ್ಕಾರಗಳು ಕೇಳುತ್ತವೆಯೇ? (ನಿವೃತ್ತ ಶಿಕ್ಷಕಿ, ಬಸವಕಲ್ಯಾಣ)

ಕೂಡಲೇ ಕೇಳುವುದಿಲ್ಲ. ಆದರೆ ಆಡಬಾರದೆಂದು ಸರ್ಕಾರ ಕಟ್ಟಿಹಾಕಿದ ಮಾತನ್ನು ಮೊದಲು ಆಡುವ ಧೈರ್ಯ ಅವರಿಂದ ಬರಬಹುದು. ಉತ್ತರದವರ ಜೊತೆ ಮಾತಾಡುವುದೇ ದಕ್ಷಿಣದಲ್ಲಿ ಅಪರಾಧವಾಗಿದ್ದ ಕಾಲದಲ್ಲಿ, 1986ರ ಸೆಪ್ಟೆಂಬರಿನಲ್ಲಿ, ಎರಡೂ ಕಡೆಯ ಕ್ರೈಸ್ತರು ಸ್ವಿಟ್ಜರ್ಲೆಂಡಿನ ಗ್ಲಿಯಾನ್‌ನಲ್ಲಿ ಭೇಟಿಯಾಗಿ ಒಟ್ಟಿಗೆ ಪ್ರಾರ್ಥಿಸಿದರು. 1988ರ ಫೆಬ್ರುವರಿ 29ರಂದು ದಕ್ಷಿಣದ ಚರ್ಚುಗಳ ರಾಷ್ಟ್ರೀಯ ಮಂಡಳಿ ಪುನರೇಕೀಕರಣ ಮತ್ತು ಶಾಂತಿಯ ಘೋಷಣೆ ಹೊರಡಿಸಿತು. ಅದರ ಬೆನ್ನೆಲುಬು ಒಂದು ತಪ್ಪೊಪ್ಪಿಗೆ: ಆ ಕಡೆಯವರನ್ನು ದ್ವೇಷಿಸುವುದೇ ಭಕ್ತಿ ಎಂಬಂತೆ ನಾವು ನಡೆದುಕೊಂಡೆವು, ಅದು ಪಾಪ ಎಂದು ಚರ್ಚುಗಳು ತಮ್ಮ ಜನರೆದುರೇ ಒಪ್ಪಿಕೊಂಡವು. ಅದೇ ವರ್ಷದ ಜುಲೈ 7ರಂದು ದಕ್ಷಿಣದ ಅಧ್ಯಕ್ಷ ರೋ ತೇ-ವೂ ಉತ್ತರದ ಜೊತೆ ಸಂಪರ್ಕ, ವ್ಯಾಪಾರಕ್ಕೆ ದಾರಿ ತೆರೆಯುವ ಘೋಷಣೆ ಮಾಡಿದರು. ಹಾಗಿದ್ದೂ ಮರುವರ್ಷ ಉತ್ತರದ ರಾಜಧಾನಿ ಪ್ಯಾಂಗ್ಯಾಂಗಿಗೆ ಹೋಗಿಬಂದ ದಕ್ಷಿಣದ ಪಾದ್ರಿ ಮೂನ್ ಇಕ್-ಹ್ವಾನ್ ಜೈಲು ಸೇರಬೇಕಾಯಿತು.

ಬೇರೆ ಬೇರೆ ಧರ್ಮದವರು ಒಂದಾಗಿ ನಿಲ್ಲುವುದು ಆ ನಾಡಿಗೆ ಹೊಸದಲ್ಲ. ಜಪಾನಿನ ಆಳ್ವಿಕೆಯ ವಿರುದ್ಧ ಹೊರಟ 1919ರ ಮಾರ್ಚ್ 1ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 33 ಮಂದಿಯಲ್ಲಿ 16 ಕ್ರೈಸ್ತರು, 15 ಮಂದಿ ಕೊರಿಯಾದಲ್ಲೇ ಹುಟ್ಟಿದ ಚೊಂಡೋಗ್ಯೊ ಪಂಥದವರು, ಇಬ್ಬರು ಬೌದ್ಧರು. ಸೋಲೂ ಇದೆ: ಚರ್ಚುಗಳು ದೇಶ ಒಂದಾಗುವ ಮಹೋತ್ಸವ ವರ್ಷವೆಂದು ಸಾರಿದ್ದ 1995 ಬಂತು, ಹೋಯಿತು, ದೇಶ ಒಂದಾಗಲಿಲ್ಲ. 2024ರ ಜನವರಿಯಲ್ಲಿ ಉತ್ತರದ ನಾಯಕ ಒಂದಾಗುವ ಗುರಿಯನ್ನೇ ಕೈಬಿಡುವುದಾಗಿ ಹೇಳಿದ್ದಾರೆ.

ನಮಗೆ ತೆಗೆದುಕೊಳ್ಳಲು ಇಲ್ಲಿರುವುದು ಆ ತಪ್ಪೊಪ್ಪಿಗೆಯ ಕ್ರಮ. ಎದುರಿನ ಓಣಿಗೆ ಬುದ್ಧಿ ಹೇಳುವ ಗುರುವನ್ನು ಎದುರಿನವರು ನಂಬುವುದಿಲ್ಲ. ತನ್ನ ಓಣಿಯ ಹುಡುಗರನ್ನು ಗದರಿಸಿ ಕೂರಿಸುವವರನ್ನು ಎರಡೂ ಕಡೆ ನಂಬುತ್ತಾರೆ. ಕೆಳಗಿನ ಉತ್ತರಗಳೆಲ್ಲ ನಿಂತಿರುವುದು ಇದರ ಮೇಲೆಯೇ.

ಪ್ರಶ್ನೆ: ಶರಣ್ರಿ. ಬಂದೇನವಾಜ್ ಉರುಸಿಗೂ ಹೋಗ್ತೀವಿ, ಶರಣಬಸವೇಶ್ವರ ತೇರಿಗೂ ಹೋಗ್ತೀವಿ. ತಿಂಥಣಿ ಮೌನಪ್ಪಗ ಎಲ್ಲಾರೂ ನಡ್ಕೋತಾರ. ಇಷ್ಟೆಲ್ಲ ಇದ್ದಮ್ಯಾಲ ನಮಗ ಶಾಂತಿ ಸಮಿತಿ ಯಾಕ ಬೇಕ್ರಿ? (ಕಿರಾಣಿ ವ್ಯಾಪಾರಿ, ಶಹಾಪುರ)

ನೀವು ಹೇಳಿದ್ದು ಖರೆ, ಅದು ನಮ್ಮ ನೆಲದ ಆಸ್ತಿ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಉರುಸಿಗೆ ಲಿಂಗಾಯತ ಜಂಗಮರೂ ಬಂದು ಪೂಜೆ ಸಲ್ಲಿಸುತ್ತಾರೆ. ಒಂದು ಮುಸಲ್ಮಾನ ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಂ ಅಲಾಯಿ ಕುಣಿ ತೆಗೆದು ಪೀರಲ ದೇವರನ್ನು ಕೂರಿಸುತ್ತಾರೆ. ಆದರೆ ವರ್ಷಕ್ಕೊಮ್ಮೆ ಒಟ್ಟಿಗೆ ತೇರು ಎಳೆದವರೆಲ್ಲ ಉಳಿದ ದಿನಗಳಲ್ಲಿ ಒಬ್ಬರ ಫೋನ್ ನಂಬರ್ ಒಬ್ಬರು ಇಟ್ಟುಕೊಂಡಿರುತ್ತಾರೆ ಎಂದೇನಿಲ್ಲ. ರಾತ್ರಿ ಹನ್ನೊಂದಕ್ಕೆ ಗಾಳಿಸುದ್ದಿ ಹಬ್ಬಿದಾಗ ಕೈ ಹಿಡಿಯುವುದು ಆ ನಂಬರು.

ಮಹಾರಾಷ್ಟ್ರದ ಭಿವಂಡಿಯನ್ನು ನೋಡಿ. 1970ರಲ್ಲಿ, 1984ರಲ್ಲಿ ಎರಡು ಭೀಕರ ಗಲಭೆ ಕಂಡ ಮಗ್ಗದ ಊರು ಅದು. 1988ರಲ್ಲಿ ಅಲ್ಲಿನ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಓಣಿ ಓಣಿಗೆ ಮೊಹಲ್ಲಾ ಸಮಿತಿ ಕಟ್ಟಿಸಿದರು. ಸಾಮಾನ್ಯ ಜನರೇ ಸದಸ್ಯರು. ನಲ್ಲಿ, ಚರಂಡಿ, ಸಣ್ಣಪುಟ್ಟ ಜಗಳ ಎಲ್ಲವೂ ಆ ಸಭೆಗಳಲ್ಲೇ ಬರುತ್ತಿದ್ದವು. 1992-93ರಲ್ಲಿ ಹತ್ತಿರದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು.

ಪ್ರಶ್ನೆ: ಎರಡು ವರ್ಷದ ಹಿಂದ ಗಣಪತಿ ಮೆರವಣಿಗೆದಾಗ ನಮ್ಮೂರಾಗ ಕಲ್ಲು ಬಿದ್ದಿದ್ವು. ಈ ಸಲ ಊರವರೇ ಕೂಡಿ ಸಮಿತಿ ಮಾಡಬೇಕಂತೀವಿ. ಎಲ್ಲಿಂದ ಶುರು ಮಾಡಬೇಕು, ಯಾರನ್ನ ತಗೋಬೇಕು? (ಸುರಪುರ ತಾಲೂಕಿನ ಹಳ್ಳಿಯ ಯುವಕರು)

ಹಬ್ಬಕ್ಕೆ ಮೂರು ತಿಂಗಳು ಇರುವಾಗಲೇ ಶುರು ಮಾಡಿ. ಹಿಂದಿನ ದಿನ ಠಾಣೆಯಲ್ಲಿ ಚಹಾ ಕುಡಿದು ಫೋಟೊ ತೆಗೆಸಿಕೊಳ್ಳುವ ಶಾಂತಿ ಸಭೆಯಿಂದ ಹೆಚ್ಚು ಕೆಲಸ ಆಗದು.

ಐದು ಸಾವಿರ ಜನಸಂಖ್ಯೆಯ ಊರಿಗೆ 15ರಿಂದ 21 ಜನ ಸಾಕು. ಮಠದ, ಮಸೀದಿಯ, ಚರ್ಚಿನ ಹಿರಿಯರು ಇರಲಿ, ಆದರೆ ಅವರು ಮೂರರಲ್ಲೊಂದು ಪಾಲು ಮೀರದಿರಲಿ. ಉಳಿದ ಜಾಗ ನಿಜವಾಗಿ ಬೀದಿಯಲ್ಲಿ ಇರುವವರಿಗೆ: ಗಣೇಶ ಮಂಡಳಿಯ ಹುಡುಗರು, ಉರುಸಿನ ಜುಲೂಸು ನಡೆಸುವ ಹುಡುಗರು, ಆಟೊ ನಿಲ್ದಾಣದವರು, ಚಹಾದಂಗಡಿಯವರು, ಹಮಾಲರು, ದಲಿತ ಕೇರಿಯವರು, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು. ಹೆಂಗಸರು ಕನಿಷ್ಠ ಐದು ಜನ ಬೇಕು. ಯಾವ ಮನೆಯ ಹುಡುಗ ಎರಡು ದಿನದಿಂದ ಸಿಟ್ಟಿನಲ್ಲಿದ್ದಾನೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಡಿ.ಜೆ. ಬಾಡಿಗೆಗೆ ಕೊಡುವವರನ್ನು ಮರೆಯದೆ ಕರೆಯಿರಿ. ಚುನಾವಣೆಗೆ ನಿಲ್ಲುವ ಆಸೆಯವರನ್ನು ಪದಾಧಿಕಾರಿ ಮಾಡಬೇಡಿ. ಯಾದಗಿರಿ ಕಡೆಯವರು ಬೆಂಗಳೂರು, ಮುಂಬಯಿಗೆ ಗುಳೆ ಹೋಗುವುದರಿಂದ ಪ್ರತಿ ಸದಸ್ಯರಿಗೂ ಒಬ್ಬ ಬದಲಿಯವರು ಇರಲಿ. ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಅರ್ಧ ಸಮಿತಿ ಊರಲ್ಲೇ ಇರುವುದಿಲ್ಲ.

ತಿಂಗಳಿಗೊಂದು ಸಭೆ, ಒಮ್ಮೆ ಗುಡಿಯ ಕಟ್ಟೆ, ಒಮ್ಮೆ ಮಸೀದಿಯ ಅಂಗಳ, ಒಮ್ಮೆ ಶಾಲೆ. ಮೊದಲ ಎರಡು ಸಭೆಯಲ್ಲಿ ಹಬ್ಬದ ಮಾತು ಎತ್ತಬೇಡಿ; ನೀರು, ಬೀದಿದೀಪ, ಚರಂಡಿ ಹಿಡಿಯಿರಿ. ಕೂಡಿ ಒಂದು ದೀಪ ಹಾಕಿಸಿದವರು ಮುಂದೆ ಕಷ್ಟದ ಮಾತನ್ನೂ ಆಡಬಲ್ಲರು. ಫೋನ್ ಸರಪಳಿ ಮಾಡಿ: 20 ಸದಸ್ಯರು ತಲಾ ಐದು ಮನೆ ಹಿಡಿದರೆ ಹತ್ತು ನಿಮಿಷದಲ್ಲಿ ನೂರು ಮನೆಗೆ ಸುದ್ದಿ ಮುಟ್ಟುತ್ತದೆ. ಸರಪಳಿಯಲ್ಲಿ ಎರಡೂ ಕೋಮಿನ ಮನೆಗಳು ಬೆರೆತಿರಬೇಕು.

ಇನ್ನು ಮೆರವಣಿಗೆ. ಕಲ್ಲು ಬೀಳುವ ಜಾಗ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ. ವಾರದ ಮುಂಚೆ, ಮೆರವಣಿಗೆ ಹೋಗುವ ಹೊತ್ತಿಗೇ, ಎರಡೂ ಕಡೆಯವರು ಮತ್ತು ಬೀಟ್ ಪೊಲೀಸರು ಕೂಡಿ ದಾರಿ ನಡೆದು ನೋಡಿ. ಕತ್ತಲಿರುವ ತಿರುವು, ಕೈಗೆಟುಕುವ ಕಲ್ಲು-ಇಟ್ಟಿಗೆ ರಾಶಿ, ಮೂರ್ತಿಗೆ ತಾಗುವ ತಂತಿ, ಗೋಡೆಯ ಮೇಲಿನ ಬ್ಯಾನರು ಎಲ್ಲ ಬರೆದುಕೊಳ್ಳಿ. ತಂತಿಯ ಕೆಲಸ ಜೆಸ್ಕಾಂ ಲೈನ್‌ಮನ್‌ಗೆ, ಕಲ್ಲುರಾಶಿ ಪಂಚಾಯಿತಿಗೆ. ಎರಡು ದಿನ ಮೊದಲೇ ಖಾಲಿಯಾಗಬೇಕು.

ಸಮಯದ ಲೆಕ್ಕ ತಪ್ಪುವುದು ಇನ್ನೊಂದು ದೊಡ್ಡ ಕಾರಣ. ಕುಣಿತದ ಮೆರವಣಿಗೆ ಗಂಟೆಗೆ ಅರ್ಧ ಕಿ.ಮೀ. ಸಾಗಿದರೆ ಹೆಚ್ಚು. ಎರಡು ಕಿ.ಮೀ. ದಾರಿಗೆ ನಾಲ್ಕು ಗಂಟೆ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆದ್ದರಿಂದ ಸಂಜೆ ನಾಲ್ಕಕ್ಕೆ ಹೊರಡಿಸಿ. ಏಳಕ್ಕೆ ಹೊರಟ ಮೆರವಣಿಗೆ ಹತ್ತಕ್ಕೆ ಮಸೀದಿ ಮುಂದೆ ನಿಂತಿರುತ್ತದೆ, ಪೊಲೀಸರು ಡಿ.ಜೆ. ನಿಲ್ಲಿಸಲು ಬರುತ್ತಾರೆ, ಹುಡುಗರ ಸಿಟ್ಟು ಎದುರಿಗಿರುವ ಕಟ್ಟಡದ ಮೇಲೆ ತಿರುಗುತ್ತದೆ. ಮಸೀದಿಯವರಿಂದ ಆಜಾನಿನ ಹೊತ್ತಿನ ಜೊತೆಗೆ ಜಮಾತ್, ಅಂದರೆ ಎಲ್ಲರೂ ಸಾಲಾಗಿ ನಮಾಜಿಗೆ ನಿಲ್ಲುವ ಹೊತ್ತನ್ನೂ ಕೇಳಿಕೊಳ್ಳಿ. ಎರಡರ ನಡುವೆ ಅಂತರ ಇರುತ್ತದೆ. ಬರೀ ಆಜಾನ್ ನೋಡಿ ಹೊತ್ತು ಗೊತ್ತುಮಾಡಿದವರು ನಮಾಜಿನ ನಡುವೆಯೇ ಹೋಗಿ ಸೇರುತ್ತಾರೆ.

ಸ್ವಯಂಸೇವಕರು 25 ಜನರಿಗೆ ಒಬ್ಬರಂತೆ ಇರಲಿ. ಮಸೀದಿ ಮುಂದೆ ಮೆರವಣಿಗೆಯವರದೇ ಹುಡುಗರು ಮಸೀದಿಗೆ ಬೆನ್ನು ಮಾಡಿ, ತಮ್ಮವರ ಕಡೆ ಮುಖ ಮಾಡಿ ಕೈ ಹಿಡಿದು ನಿಲ್ಲಬೇಕು. ಈದ್ ಮಿಲಾದ್ ಜುಲೂಸು ಗುಡಿ ಮುಂದೆ ಬಂದಾಗ ಜುಲೂಸಿನ ಹುಡುಗರೂ ಹಾಗೆಯೇ ನಿಲ್ಲಬೇಕು. ಎದುರಿನ ಕೋಮಿನವರು ಅಡ್ಡ ನಿಂತರೆ ಅದು ತಡೆದಂತೆ ಕಾಣುತ್ತದೆ, ತಮ್ಮವರೇ ನಿಂತರೆ ಕಾವಲಾಗುತ್ತದೆ. ಹಾಡಿನ ಪಟ್ಟಿ ಮೊದಲೇ ಬರೆದು ಡಿ.ಜೆ. ನಡೆಸುವವರ ಸಹಿ ಹಾಕಿಸಿ. ಮೈಕು ಒಬ್ಬರ ಕೈಯಲ್ಲೇ ಇರಲಿ.

ಹಾಗಿದ್ದೂ ಒಂದು ಕಲ್ಲು ಬಿದ್ದರೆ? ಡಿ.ಜೆ. ತಕ್ಷಣ ಬಂದ್. ಮುಂದಿನವರು ನಿಲ್ಲದೆ ಮುಂದಕ್ಕೆ ನಡೆಯಬೇಕು, ಹಿಂದಿನವರನ್ನು ಸ್ವಯಂಸೇವಕರು ಇದ್ದಲ್ಲೇ ಕೂರಿಸಬೇಕು. ಕೂತವರು ಓಡಲಾರರು, ಕಲ್ಲೆತ್ತಲಾರರು. ಪೊಲೀಸರಿಗೆ 112, ಗಾಯಾಳುವಿಗೆ 108. ಅರ್ಧ ಗಂಟೆಯೊಳಗೆ ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಒಂದೇ ಒಕ್ಕಣೆ ಓದಿಸಿ: ಏನಾಯಿತು, ಎಷ್ಟು ಜನರಿಗೆ ಪೆಟ್ಟಾಯಿತು, ಯಾರೂ ಹೊರಗೆ ಬರಬೇಡಿ. ಆ ಒಕ್ಕಣೆ ಮುಂಚೆಯೇ ಬರೆದಿಟ್ಟಿರಬೇಕು, ಖಾಲಿ ಜಾಗ ಮಾತ್ರ ತುಂಬುವಂತೆ.

ಸಮಿತಿ ಕೈಹಾಕಬಾರದ ಕೆಲಸಗಳೂ ಇವೆ. ಹಲ್ಲೆ, ಅತ್ಯಾಚಾರದಂಥ ಪ್ರಕರಣಗಳನ್ನು ರಾಜಿ ಮಾಡಿಸಬೇಡಿ, ಅದು ಕೋರ್ಟಿನ ಕೆಲಸ. ಜಾಗದ ಹಕ್ಕಿನ ವ್ಯಾಜ್ಯದಲ್ಲಿ ತೀರ್ಪು ಕೊಡಬೇಡಿ. ಠಾಣೆಗೆ ಹೆಸರು ಪಟ್ಟಿ ಕೊಡುವ ಗುಪ್ತ ಮಾಹಿತಿದಾರರೂ ಆಗಬೇಡಿ. ಒಮ್ಮೆ ಆ ಅನುಮಾನ ಬಿದ್ದರೆ ಹುಡುಗರು ಸಭೆಗೆ ಬರುವುದು ನಿಲ್ಲಿಸುತ್ತಾರೆ, ಸಮಿತಿ ಮುಗಿದಂತೆಯೇ.

ಪ್ರಶ್ನೆ: ಮಿಲಾದ್, ಗಣೇಶ ಹಬ್ಬ ಮೂರು ವರ್ಷ ಒಟ್ಟೊಟ್ಟಿಗೇ ಬಂದವು. ಇದನ್ನು ಮೊದಲೇ ತಿಳಿಯಬಹುದೇ? (ಗ್ರಾಮ ಪಂಚಾಯಿತಿ ಸದಸ್ಯೆ, ಚಿತ್ತಾಪುರ)

ತಿಳಿಯಬಹುದು. ಮುಸ್ಲಿಂ ಪಂಚಾಂಗದ ಹಿಜ್ರಿ ವರ್ಷಕ್ಕೆ ಸುಮಾರು 354 ದಿನ, ಹಾಗಾಗಿ ಮಿಲಾದ್‌ನಂಥ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ನಮ್ಮ ಪಂಚಾಂಗವೂ ಚಂದ್ರನದೇ ಆದರೂ ಅಧಿಕ ಮಾಸ ಸೇರಿ ಋತುವಿಗೆ ಹೊಂದಿಕೊಳ್ಳುತ್ತದೆ. ಒಮ್ಮೆ ಕೂಡಿದ ಹಬ್ಬಗಳು ಎರಡು ಮೂರು ವರ್ಷ ಅಕ್ಕಪಕ್ಕ ಬಂದು, ಮತ್ತೆ ಕೂಡಲು ಮೂವತ್ತು ವರ್ಷದ ಮೇಲೆ ಹಿಡಿಯುತ್ತದೆ. 2023ರಲ್ಲಿ ಗಣಪತಿ ವಿಸರ್ಜನೆಯ ಅನಂತ ಚತುರ್ದಶಿ ಮತ್ತು ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. ಮುಂಬಯಿಯ ಮುಸ್ಲಿಂ ಮುಖಂಡರು ತಾವಾಗಿಯೇ ಜುಲೂಸನ್ನು ಮರುದಿನಕ್ಕೆ ಮುಂದೂಡಿದರು. ಇನ್ನು 2027ರ ಶಿವರಾತ್ರಿ, ಮಾರ್ಚ್ 6, ರಂಜಾನ್ ತಿಂಗಳೊಳಗೇ ಬರುತ್ತದೆ: ರಾತ್ರಿ ಜಾಗರಣೆಯ ಭಜನೆ ಒಂದು ಕಡೆ, ರಂಜಾನ್ ರಾತ್ರಿಗಳ ತರಾವೀಹ್ ನಮಾಜು ಇನ್ನೊಂದು ಕಡೆ. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೈಕಿನ ದಿಕ್ಕು, ಹೊತ್ತು ಮಾತಾಡಿಕೊಳ್ಳಿ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬರುವ ಗಾಳಿಸುದ್ದಿ ಹೇಗೆ ತಡೆಯಬೇಕು? (ಮೊಬೈಲ್ ಅಂಗಡಿಯವರು, ಹುಮನಾಬಾದ್)

‘ಇದು ಖರೆನಾ?’ ಎಂದು ಕೇಳಲಿಕ್ಕಾದರೂ ಗುಂಪಿಗೆ ಹಾಕಬೇಡಿ. ಹಾಗೆ ಕೇಳಿದ್ದೂ ಹಂಚಿದಂತೆಯೇ. ಎರಡು ಬಾಣದ ಗುರುತಿದ್ದರೆ ಆ ಸಂದೇಶ ಕೈಯಿಂದ ಕೈಗೆ ಹಲವು ಸಲ ದಾಟಿ ಬಂದಿದೆ ಎಂದರ್ಥ. ಊರು, ದಿನ, ಹೊತ್ತು ಇಲ್ಲದ ವಿಡಿಯೊ ಹಳೆಯದು ಎಂದೇ ಹಿಡಿದು ಶುರು ಮಾಡಿ. ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರು, ಪೊಲೀಸರ ಸಮವಸ್ತ್ರ, ಮಳೆಯೋ ಬಿಸಿಲೋ ನೋಡಿದರೆ ಬೇರೆ ರಾಜ್ಯದ್ದೆಂದು ಎಷ್ಟೋ ಸಲ ಅಲ್ಲೇ ತಿಳಿಯುತ್ತದೆ. ಸುದ್ದಿಯಲ್ಲಿ ಹೆಸರಿಸಿದ ಓಣಿಯಲ್ಲಿರುವ ಸಮಿತಿ ಸದಸ್ಯರಿಗೆ ಫೋನ್ ಮಾಡಿ. ಸುಳ್ಳೆಂದು ಖಾತ್ರಿಯಾದರೆ ಆ ಸದಸ್ಯರದೇ ಧ್ವನಿಯಲ್ಲಿ ಮೂವತ್ತು ಸೆಕೆಂಡಿನ ಆಡಿಯೊ ಮಾಡಿಸಿ, ದಿನಾಂಕ ಮತ್ತು ಹೊತ್ತು ಹೇಳಿಸಿ ಕಳಿಸಿ. ಗೊತ್ತಿರುವ ದನಿಯನ್ನು ಜನ ನಂಬುತ್ತಾರೆ. ಸುಳ್ಳು ವಿಡಿಯೊವನ್ನು ಅದರ ಜೊತೆ ಮತ್ತೆ ಅಂಟಿಸಬೇಡಿ. ಗುಂಪಿನ ಅಡ್ಮಿನ್‌ಗಳು ಹಬ್ಬದ ರಾತ್ರಿ ‘ಅಡ್ಮಿನ್ ಮಾತ್ರ’ ಎಂದು ಬದಲಿಸಿಡಲಿ. ಕೋಮುಗಳ ನಡುವೆ ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಮೂರು ವರ್ಷದವರೆಗೆ, ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ ಸಜೆ ಇದೆ. ಇದನ್ನು ನಿಮ್ಮ ಅಂಗಡಿಯಲ್ಲಿ ಬರೆದು ಅಂಟಿಸಿದರೂ ಒಳ್ಳೆಯದು.

ಪ್ರಶ್ನೆ: 1948ರ ಮಾತು ತೆಗೆದರೆ ಹಳೆಯ ಗಾಯ ಕೆದರಿದಂತೆ ಎನ್ನುತ್ತಾರೆ. ಸುಮ್ಮನಿರುವುದೇ ಮೇಲೇ? (ಹಿರಿಯ ಓದುಗರು, ಬೀದರ್)

ನಮ್ಮ ಅಭಿಪ್ರಾಯದಲ್ಲಿ ಸುಮ್ಮನಿರುವುದು ಮೇಲಲ್ಲ. ಹಿರಿಯರು ಹೇಳದಿದ್ದರೆ ಮಕ್ಕಳು ಅರ್ಧ ಕತೆಯನ್ನು ಮೊಬೈಲಿನಿಂದ ಕೇಳುತ್ತಾರೆ. ಈ ಕತೆಗೆ ಎರಡು ಅರ್ಧಗಳಿವೆ, ಎರಡನ್ನೂ ಒಂದೇ ಕೂಟದಲ್ಲಿ ಹೇಳಬೇಕು. 1948ರ ಮೇನಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರದ ಸಶಸ್ತ್ರ ಪಡೆ ರಜಾಕಾರರು ನಡೆಸಿದ ಹತ್ಯಾಕಾಂಡ ಒಂದು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆ ಇನ್ನೊಂದು. ಅದನ್ನು ತಿಳಿಯಲು ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ತಂಡ ಸಂಸ್ಥಾನದಲ್ಲಿ ಓಡಾಡಿ ವರದಿ ಕೊಟ್ಟಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು, ತಮ್ಮ ಜೀವವನ್ನೂ ಕೊಟ್ಟು ಕಾಪಾಡಿದ್ದನ್ನು ಅದು ದಾಖಲಿಸಿದೆ. ಒಂದೇ ಕಸುಬಿನ ನಂಟು ಧರ್ಮದ ಗೋಡೆ ದಾಟಿತು. ಸಮಿತಿಗೆ ಹಮಾಲರನ್ನು, ಆಟೊದವರನ್ನು ಕರೆಯಿರಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹೇಳುವ ಕ್ರಮ ಹೀಗಿರಲಿ: ಕೂಟದಲ್ಲಿ ಇಪ್ಪತ್ತು ಜನ ಮೀರದಿರಲಿ, ರೆಕಾರ್ಡಿಂಗ್ ಬೇಡ. ಪ್ರತಿಯೊಬ್ಬರೂ ಮೊದಲು ತಮ್ಮ ಕಡೆಯವರು ಮಾಡಿದ್ದನ್ನು ಹೇಳಲಿ, ಆಮೇಲೆ ತಮಗಾದದ್ದನ್ನು. ಈ ಕ್ರಮ ತಿರುವುಮುರುವಾದರೆ ಕೂಟ ಆರೋಪಪಟ್ಟಿಯಾಗುತ್ತದೆ. ಈಗ ಬದುಕಿರುವ ಮನೆತನಗಳ ಹೆಸರು ತರಬೇಡಿ. ಚುನಾವಣೆ ಹತ್ತಿರವಿದ್ದಾಗ ಈ ಕೂಟ ಮಾಡಲೇಬೇಡಿ.

ಪ್ರಶ್ನೆ: ಕಾಲೇಜಿನಿಂದ ಶಾಂತಿ ನಡಿಗೆ ಮಾಡಬೇಕೆಂದಿದ್ದೇವೆ. ಅನುಮತಿ ಬೇಕೇ? (ಎನ್.ಎಸ್.ಎಸ್. ವಿದ್ಯಾರ್ಥಿನಿಯರು, ಯಾದಗಿರಿ)

ಬೇಕು. ಶಸ್ತ್ರವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ, ಆದರೆ ರಸ್ತೆ ಬಳಸಲು ಪೊಲೀಸರ ಒಪ್ಪಿಗೆ ಬೇಕಾಗುತ್ತದೆ. ಒಂದು ವಾರ ಮೊದಲೇ ಠಾಣೆಗೆ ಎರಡು ಪ್ರತಿ ಅರ್ಜಿ ಕೊಡಿ: ದಾರಿ, ಹೊತ್ತು, ಅಂದಾಜು ಜನ, ಇಬ್ಬರು ಹೊಣೆಗಾರರ ಫೋನ್ ನಂಬರ್. ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಮೈಕ್ ಇದ್ದರೆ ಅದಕ್ಕೂ ಅನುಮತಿ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ, ಅಂದರೆ ಹಳೆಯ 144ರ ನಿಷೇಧಾಜ್ಞೆ ಜಾರಿಯಲ್ಲಿದ್ದರೆ ನಡಿಗೆ ಮುಂದೂಡಿ. ಅಂಥ ಆಜ್ಞೆ ಸಾಮಾನ್ಯವಾಗಿ ಎರಡು ತಿಂಗಳು ಮೀರುವುದಿಲ್ಲ. ಘೋಷಣೆಗಳು ಐದೇ ಇರಲಿ, ಬರೆದು ಹಂಚಿ. ಪಕ್ಷದ, ಧರ್ಮದ ಧ್ವಜ ಬೇಡ. ದಾರಿ ಎರಡು ಕಿ.ಮೀ. ಸಾಕು, ಆದರೆ ಎರಡೂ ಕೋಮಿನ ಓಣಿಗಳಲ್ಲಿ ಹಾದುಹೋಗಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ತಲಾ ಒಂದು ಲೀಟರ್ ನೀರು, ಜೊತೆಗೆ ಓ.ಆರ್.ಎಸ್. ಪೊಟ್ಟಣ ಇಟ್ಟುಕೊಳ್ಳಿ. ರಂಜಾನ್ ಉಪವಾಸದ ದಿನಗಳಾಗಿದ್ದರೆ ದೂರವನ್ನು ಅರ್ಧಕ್ಕೆ ಇಳಿಸಿ.